ಸಾಲಿಗೆ ಎಂಟೇ ಎಲೆ

ನನ್ನ ತಮ್ಮನನ್ನು ಬೀಗರ ಊಟಕ್ಕೆ ಕರೆಯುವವರು ಎರಡೇ ಬಗೆ: ಅವನನ್ನು ಅರಿಯದವರು, ಇಲ್ಲವೇ ಅವನ ಕೈಯಲ್ಲಿ ಏಟು ತಿಂದು ವಿಜ್ಞಾನದಲ್ಲಿ ಪಾಸಾದವರು!

ಭಾರತೀನಗರದ ಕಡೆ ಹೈಸ್ಕೂಲು ಮೇಷ್ಟ್ರಾಗಿದ್ದ. ನಿವೃತ್ತಿ ಆದದ್ದು ಕೆಲಸದಿಂದ, ಪಾಠದಿಂದಲ್ಲ. ಬಹುಪಾಲು ಪರಮಾಣುಗಳಿಗೆ ಹೊರಸುತ್ತಿನಲ್ಲಿ ಎಂಟು ಎಲೆಕ್ಟ್ರಾನ್ ಇದ್ದರೇ ನೆಮ್ಮದಿಯಂತೆ. ಒಂದು ಹೆಚ್ಚಿಗೆ ಇರುವುದು ಕೊಟ್ಟು ಹಗುರಾಗುತ್ತದೆ, ಒಂದು ಕಡಿಮೆ ಇರುವುದು ಕಿತ್ತುಕೊಳ್ಳುತ್ತದೆ, ಎರಡೂ ಆಗದವು ಹಂಚಿಕೊಂಡು ಬಾಳುತ್ತವೆ. ಸರಿ, ಪುಸ್ತಕದಲ್ಲಿ ಇರಲಿ. ಬಾಡೂಟದ ಪಂಕ್ತಿಯಲ್ಲಿ ಯಾಕೆ?

ಎಲ್ಲಿ ಹೋದರೂ ಪಂಕ್ತಿಯ ಯಜಮಾನಿಕೆ ಅವನದೇ. ಸಾಲಿಗೆ ಎಂಟು ಎಲೆ. ಮದ್ದೂರಿನಲ್ಲಿ ಒಮ್ಮೆ ಎಂಟರ ಪಕ್ಕ ಒಂಬತ್ತನೆಯವರಾಗಿ ರೈತರೊಬ್ಬರು ಕೂತುಬಿಟ್ಟರು. ಎದುರು ಸಾಲಿನಲ್ಲಿ ಏಳೇ ಜನ!

"ಅಣ್ಣ, ನೀವು ಸೋಡಿಯಂನ ಕೊನೇ ಎಲೆಕ್ಟ್ರಾನು. ಅತ್ಲಾಗೆ ಬಂದ್ರೆ ಎರಡು ಸಾಲ್ಗೂ ನೆಮ್ದಿ."

"ಅತ್ಲಾಗೆ ಚಾಪ್ಸು ಬಂದದಾ ಮೇಷ್ಟ್ರೇ?"

"ಈಗ ಬತ್ತದೆ."

"ಬಂದ್ಮೇಕೆ ಎಲೆಕ್ಟ್ರಾನ್ ಆಯ್ತೀನಿ, ಓಗಿ!"

ಬೆಳಕವಾಡಿಯಲ್ಲಿ ಏಳು ಜನರ ಸಾಲಿಗೆ ಎಂಟನೆಯವರು ಸಿಗದೆ, ನೀರು ಕೇಳಲು ಬಂದ ಬಸ್ ಕಂಡಕ್ಟರನನ್ನೇ ಕೂರಿಸಿದ. ರಸ್ತೆಯಲ್ಲಿ ಹಾರನ್ನೋ ಹಾರನ್ನು! ಕೊನೆಗೆ ಕಂಡಕ್ಟರನನ್ನು ಹುಡುಕಿಕೊಂಡು ಡ್ರೈವರ್ ಬಂದ. ಚಾಪ್ಸು ನೋಡಿದ. ಅವನೂ ಕೂತ. ಸಾಲು ಒಂಬತ್ತಾಯಿತು! ನನ್ನ ತಮ್ಮ ತಲೆ ಮೇಲೆ ಕೈ ಹೊತ್ತ.

ನಾನು ಮಳವಳ್ಳಿಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಮದುವೆಯ ಗೊಡವೆಗೆ ಹೋಗಲಿಲ್ಲ. ಐದಕ್ಕೆ ಏಳುವುದು, ಒಂದಕ್ಕೆ ಊಟ. ಒಂದು ಎಂದರೆ ಒಂದು. ನನಗೆ ಮಾತ್ರ ಅವನು ಮೂಲೆಯಲ್ಲಿ ಬೇರೆ ಎಲೆ ಹಾಕಿಸುತ್ತಿದ್ದ.

"ನೀನು ಹೀಲಿಯಂ ಕಣಕ್ಕ. ಇರೋದು ಎರಡೇ ಎಲೆಕ್ಟ್ರಾನು, ಅದ್ರಲ್ಲೇ ತುಂಬೋಗದೆ. ಯಾರ ಜೊತೇಲೂ ಸೇರಲ್ಲ."

"ಸೇರ್ದೆ ಇದ್ದಿದ್ಕೇ ನನ್ ತಲೆ ನೆಟ್ಟಗದೆ ಕಣ್ಲಾ!"

ಎಲ್ಲರ ಊಟ ಮುಗಿದ ಮೇಲೆ ಅವನೂ ಅವನ ಹೆಂಡತಿಯೂ ನಡುವೆ ಒಂದೇ ಎಲೆ ಹಾಕಿಕೊಂಡು ಎದುರುಬದುರು ಕೂರುತ್ತಿದ್ದರು. "ನಾವು ಹೈಡ್ರೋಜನ್ನು. ನಮಗೆ ಎಂಟು ಬೇಡ. ಇರೋದು ಒಂದೊಂದೇ, ಹಂಚ್ಕೊಂಡ್ರೆ ಇಬ್ರಿಗೂ ಎರಡೆರಡು," ಎಂದು ಇವನು ಶುರು ಮಾಡಿದರೆ, ಆಕೆ ಮುದ್ದೆಯನ್ನು ಎರಡು ಹೋಳು ಮಾಡಿ, "ಉಳ್ದಿರೋದೇ ಒಂದು ಮುದ್ದೆ. ಸುಮ್ಕೆ ಉಣ್ಣಿ!" ಎನ್ನುತ್ತಿದ್ದಳು.

ಹೋದ ವರ್ಷ ಆಕೆ ತೀರಿಕೊಂಡಳು.

ಆಮೇಲೂ ನನ್ನ ತಮ್ಮ ಪಂಕ್ತಿಗೆ ಬರುತ್ತಾನೆ, ಎಂಟೆಂಟು ಎಣಿಸಿ ಕೂರಿಸುತ್ತಾನೆ. ಕೊನೆಯ ಸಾಲು ಎದ್ದೊಡನೆ ಚಪ್ಪಲಿ ಮೆಟ್ಟುತ್ತಾನೆ. "ಹಸಿವಿಲ್ಲ ಕಣಕ್ಕ." ಮನೆಯಲ್ಲೂ ಉಣ್ಣುವುದಿಲ್ಲ. ಅಂಗಿ ಜೋಲುವುದನ್ನು ಕಂಡರೆ ಎಷ್ಟು ಕೆ.ಜಿ. ಇಳಿದಿದ್ದಾನೆಂದು ತಿಳಿಯಲು ನರ್ಸಿಗೆ ತಕ್ಕಡಿ ಬೇಕೆ?

ಹೋದ ತಿಂಗಳು ಹೊಳಲಿನಲ್ಲಿ ನೆಂಟರ ಬೀಗರ ಊಟ. ಒಂದು ಗಂಟೆ ಆಯಿತು. ಮೂಲೆಯಲ್ಲಿ ನನ್ನ ಎಲೆ ಬಿತ್ತು. ನಾನು ಕೂರಲಿಲ್ಲ. ಎರಡಾಯಿತು, ಮೂರಾಯಿತು. ಹೊಟ್ಟೆ ನನ್ನನ್ನು ಬೈಯುತ್ತಿತ್ತು. ಮೂರೂವರೆಗೆ ಕೊನೆಯ ಸಾಲು ಎದ್ದಿತು, ಅವನು ಚಪ್ಪಲಿಯತ್ತ ಹೊರಟ. ನಾನು ಒಂದೇ ಎಲೆ ಹಾಕಿ, ಒಂದೇ ಮುದ್ದೆ ಇಟ್ಟು ಎರಡು ಹೋಳು ಮಾಡಿದೆ.

"ಬಾರ್ಲಾ, ಕೂತ್ಕೊ."

ಅವನು ಎಲೆ ನೋಡಿದ, ಗೋಡೆಯ ಗಡಿಯಾರ ನೋಡಿದ. "ಅಕ್ಕ, ನೀನಿನ್ನೂ ಉಂಡಿಲ್ವಾ? ಹೀಲಿಯಂ ಯಾವತ್ತೂ..."

"ಪಾಠ ಆಮೇಲೆ. ಸಾರು ಆರೋಯ್ತದೆ."

ಕೂತ. ಮೊದಲ ತುತ್ತಿಗೆ ಬಹಳ ಹೊತ್ತು ಹಿಡಿಯಿತು. ಎರಡನೆಯದಕ್ಕೆ ಅಷ್ಟು ಹಿಡಿಯಲಿಲ್ಲ. ತನ್ನ ಹೋಳು ಮುಗಿಸಿ, ತಲೆ ಎತ್ತದೆ, ನನ್ನ ಹೋಳಿಗೂ ಕೈ ಹಾಕಿದ.

ನಾನು ಎಲೆಯನ್ನು ಅವನತ್ತ ಇನ್ನಷ್ಟು ಸರಿಸಿದೆ.