ಬಾಗಿಲಲ್ಲಿ ಬೈಸಿಕೊಳ್ಳುವ ಸುಖ

ಹೊಗಳಿಕೆ ಎಂದರೆ ತಮಗಾಗುವುದಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಯಾಕೆಂದರೆ ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದವನು. ಆಂಧ್ರ ರಾಜ್ಯ ಆದ ಹೊಸತರಲ್ಲಿ ಆದೋನಿ ಕಡೆಯ ಪೆದ್ದಕಡುಬೂರಿನ ಪುಟ್ಟ ಚರ್ಚಿಗೆ ನಾನು ಉಪದೇಶಿ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ 'ವಂದನಾಲು', ಅಂದರೆ ತೆಲುಗಿನ ನಮಸ್ಕಾರ, ಸ್ವೀಕರಿಸುವುದು ನಮ್ಮಲ್ಲಿ ವಾಡಿಕೆ. "ಭಾಳ ಚಲೋ ಹೇಳಿದ್ರಿ, ಅಯ್ಯನೋರೆ" ಎಂದು ಜನ ಕೈಮುಗಿದರೆ, "ಎಲ್ಲಾ ದೇವರ ಮಹಿಮೆ" ಎಂದು ತಲೆ ತಗ್ಗಿಸುತ್ತಿದ್ದೆ. ಆ ಮಹಿಮೆಯಲ್ಲಿ ಅರ್ಧ ನಾನೇ ಮನೆಗೆ ಒಯ್ಯುತ್ತಿದ್ದೆ. ಒಬ್ಬರು ಹೊಗಳದೆ ಹೋದರೂ ಊಟ ರುಚಿಸುತ್ತಿರಲಿಲ್ಲ. "ಇವತ್ತು ಯಾರು ಸುಮ್ನ ಹೋದ್ರು?" ಎಂದು ನನ್ನ ಹೆಂಡತಿ ಮಾರ್ಥಮ್ಮ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು.

ಇದರಿಂದ ಉಪದೇಶವೇ ಕೆಟ್ಟಿತು. ಅಣ್ಣತಮ್ಮಂದಿರ ಜಗಳದ ಮೇಲೆ ಹೇಳಬೇಕೆಂದು ನಿಂತರೂ, ಸ್ವಂತ ತಮ್ಮನ ಜೊತೆ ಮಾತು ಬಿಟ್ಟ ಸಭೆಯ ಹಿರಿಯ ದಾನಪ್ಪನವರು ಮುನಿಸಿಕೊಂಡಾರೆಂದು ಹೆದರಿ ಜಲಪ್ರಳಯದಲ್ಲಿ ಪ್ರಾಣಿಗಳನ್ನೆಲ್ಲ ಹತ್ತಿಸಿಕೊಂಡ ನೋಹನ ನಾವೆಯ ಕಡೆ ತಿರುಗಿಬಿಡುತ್ತಿದ್ದೆ. ನಾನು ಆ ನಾವೆಗೆ ಆನೆ ಹತ್ತಿಸಿದಷ್ಟು ಸಲ ನೋಹನೂ ಹತ್ತಿಸಿರಲಿಕ್ಕಿಲ್ಲ. ಕೊನೆಗೆ ನನಗೇ ಅಸಹ್ಯವಾಯಿತು. ಒಂದು ಭಾನುವಾರ ಧೈರ್ಯ ಮಾಡಿ, "ನನ್ನನ್ನು ಹೊಗಳಬೇಡಿ, ಅದು ನನ್ನ ಆತ್ಮಕ್ಕೆ ವಿಷ. ತಪ್ಪು ಕಂಡರೆ ಬೈಯಿರಿ" ಎಂದು ಸಾರಿದೆ.

ನಮ್ಮ ಸಭೆ ಮಾತು ಮೀರುವಂಥದ್ದಲ್ಲ. ಅಂದೇ ದಾನಪ್ಪನವರು ಬಾಗಿಲಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಾವೇ ಶುರು ಮಾಡಿದರು. "ನಿಮ್ಮ ಆತ್ಮದ ಸಲುವಾಗಿ ಹೇಳ್ತೀನ್ರಿ. ನಿಮ್ಮ ಪ್ರಾರ್ಥನಿ ಪ್ಯಾಸೆಂಜರ್ ಗಾಡಿ ಇದ್ದಂಗ ಐತಿ, ಎಲ್ಲಾ ಕಡಿ ನಿಂದರ್ತೈತಿ. ವಂದನಾಲು." ಚರ್ಚಿನ ಹಿಂದಿನ ಮನೆಯ ರತ್ನಮ್ಮಜ್ಜಿ, "ನೀವು ಹಾಡಿದ ದಿನ ನಮ್ಮ ಎಮ್ಮಿ ಹಾಲು ಬಿಡಂಗಿಲ್ಲ. ವಂದನಾಲು" ಎಂದಳು. ಬೈಯಲು ಬಾರದ ಒಬ್ಬ ಸಾಧು ಹೆಂಗಸು, "ಏನಂತ ಬೈಲಿ, ನೀವಾ ಹೇಳ್ರಿ" ಎಂದು ಮನೆಗೇ ಬಂದಳು. ನನ್ನ ಕೆಮ್ಮನ್ನು ಬೈಯಮ್ಮಾ ಎಂದೆ. ಮುಂದಿನ ಭಾನುವಾರ ಬೈದು, ಅತ್ತು, ಹೋದಳು. ಮಾರ್ಥಮ್ಮ ಮಾತ್ರ ಸಾಲಿಗೆ ಬರಲಿಲ್ಲ. "ನಾನು ವಾರಪೂರ್ತಿ ಮಾಡೋ ಸೇವಾನ ಅದು" ಎಂದಳು.

ಮೊದಮೊದಲು ಮೈ ಉರಿಯಿತು, ಆಮೇಲೆ ಹಗುರವಾಯಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ದಾನಪ್ಪನವರು ತಮ್ಮ ಮನೆಗೆ ಬಂದ ನೆಂಟರಿಗೆ ನನ್ನನ್ನು ತೋರಿಸಿ, "ನಮ್ಮ ಅಯ್ಯನೋರಷ್ಟು ಬೈಸಿಕೊಳ್ಳಾವ್ರು ಈ ಸೀಮಿಯೊಳಗ ಇಲ್ರಿ. ಆ ದೇವನಕೊಂಡದ ಚರ್ಚಿನ ಅಯ್ಯನೋರಿಗೆ ಯಾರು ಬೈತಾರ?" ಎಂದರು. ನಾನು ತಲೆ ತಗ್ಗಿಸಿ, "ಎಲ್ಲಾ ದೇವರ ಮಹಿಮೆ" ಎಂದೆ.

ಆ ವಾರ ರತ್ನಮ್ಮಜ್ಜಿ ಬರೀ ವಂದನಾಲು ಹೇಳಿ ಹೋದಳು. ನನಗೆ ಊಟ ಸೇರಲಿಲ್ಲ.

"ಇವತ್ತು ಯಾರು ಬೈಲಿಲ್ಲ?" ಎಂದಳು ಮಾರ್ಥಮ್ಮ.

ಮುಂದಿನ ಭಾನುವಾರ ಅಣ್ಣತಮ್ಮಂದಿರ ಜಗಳದ ಮೇಲೆ ಹೇಳಿಯೇ ತೀರುವುದೆಂದು ವೇದಿಕೆ ಹತ್ತಿದೆ. ಮೊದಲ ಸಾಲಿನಲ್ಲಿ ದಾನಪ್ಪನವರು ನನ್ನ ತಪ್ಪು ಹುಡುಕಲು ಕಿವಿ ನೆಟ್ಟಗೆ ಮಾಡಿ ಕುಳಿತಿದ್ದರು. ಅಷ್ಟು ಚೆನ್ನಾಗಿ ಬೈಯುವ ಮನುಷ್ಯ. ಮುನಿಸಿಕೊಂಡು ಬೈಯುವುದನ್ನೇ ಬಿಟ್ಟರೆ? ಗಂಟಲು ಸರಿಮಾಡಿಕೊಂಡು, ಮತ್ತೆ ನೋಹನ ನಾವೆಗೆ ಆನೆ ಹತ್ತಿಸಿದೆ.