ಬ್ರೇಕ್ ಡಬ್ಬಿಯ ಎರಡು ಸ್ಕ್ರೂ

ದೊಡ್ಡದಕ್ಕೆ ಸೋತವರಿಗೆ ಲೋಕದಲ್ಲಿ ಮರ್ಯಾದೆ ಇದೆ. ಲಾರಿ ಮೈಮೇಲೆ ಬಂತು, ಹೊಳೆ ಏರಿ ಬಂತು ಎಂದರೆ ಜನ ಪಾಪ ಎನ್ನುತ್ತಾರೆ, ಕೂಡಿಸಿ ಚಹಾ ಕೊಡುತ್ತಾರೆ. ಜೋಳದ ಕಾಳಿನಷ್ಟಿರುವ ಒಂದು ಸ್ಕ್ರೂಗೆ ಸೋತೆ ಎಂದು ಹೇಳಿ ನೋಡಿ. ಎದುರಿಗಿದ್ದವನು ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ತೋಳು ನೋಡುತ್ತಾನೆ, ಕೊನೆಗೆ ‘ಅದರಾಗೇನೈತ್ರಿ’ ಎನ್ನುತ್ತಾನೆ. ನಾನು ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹದಿನೆಂಟು ವರ್ಷದಿಂದ ಕಡಲೆ, ಹತ್ತಿ, ಮೆಣಸಿನಕಾಯಿ ತೂಗುವವನು. ನೂರು ಕಿಲೋ ಚೀಲ ತಕ್ಕಡಿಯಿಂದ ಜಾರಿದರೆ ತೋಳು ಕೊಟ್ಟು ತಡೆದವನು. ಅಂಥ ತೋಳನ್ನು ನೋಡಿ ‘ಅದರಾಗೇನೈತ್ರಿ’ ಎನ್ನುವವರ ಬಗ್ಗೆ ನನಗೆ ಈಗ ಎಳ್ಳಷ್ಟೂ ಗೌರವ ಉಳಿದಿಲ್ಲ. ಹೋದ ತಿಂಗಳವರೆಗೆ ನಾನೂ ಅವರ ಪೈಕಿಯೇ ಇದ್ದೆ ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಓದು ತಡವಾಗಿ ಶುರುವಾದದ್ದು. ಉಪ್ಪಿನಬೆಟಗೇರಿಯಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಹತ್ತನೆಯದನ್ನು ಪಾಸಾದದ್ದು ನಲವತ್ತಕ್ಕೆ ಒಂದು ಕಡಿಮೆ ಇದ್ದಾಗ. ಪಾಸು ಮಾಡಿಸಿದವಳು ಹೆಂಡತಿ ಮಹಾದೇವಿ. ಆಕೆ ಗಬ್ಬೂರಿನ ಒಂದು ಶಾಲೆಯಲ್ಲಿ ಟೀಚರು. ನಾವಿರುವುದು ಗೋಪನಕೊಪ್ಪದಲ್ಲಿ. ದಿನಾ ಮುಂಜಾನೆ ಆಕೆಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೋಗಿ ಶಾಲೆಗೆ ಬಿಟ್ಟು ನಾನು ಮಾರುಕಟ್ಟೆಗೆ ಬರುತ್ತೇನೆ. ಆ ಅರ್ಧ ತಾಸೇ ನನ್ನ ಶಾಲೆ. ಸಂಜೆ ಆಕೆಗೆ ಮನೆಪಾಠ, ಅಡಿಗೆ. ನನಗೆ ಪುಸ್ತಕ ತೆರೆದ ಕೂಡಲೇ ತೂಕಡಿಕೆ. ಹೀಗಾಗಿ ಆಕೆ ಹಿಂದೆ ಕುಳಿತು ಪ್ರಶ್ನೆ ಕೇಳುತ್ತಾಳೆ, ನಾನು ಮುಂದೆ ನೋಡುತ್ತ ಉತ್ತರ ಹೇಳುತ್ತೇನೆ. ಹತ್ತನೆಯದು ಹೀಗೇ ಆಯಿತು, ಈಗ ಪಿಯುಸಿ ನಡೆದಿದೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಎಷ್ಟೋ ಜನ ನನ್ನ ತಪ್ಪು ಉತ್ತರ ಕೇಳಿ ಹೆಲ್ಮೆಟ್ಟಿನೊಳಗೇ ನಕ್ಕಿದ್ದಾರೆ. ಅವರು ಎಲ್ಲಿಯವರೆಗೆ ಓದಿದ್ದಾರೋ ನನಗೆ ಗೊತ್ತಿಲ್ಲ. ಕೆಂಪು ದೀಪ ಇದ್ದಾಗ ನಿಲ್ಲಬೇಕು ಎಂಬ ಪಾಠದವರೆಗಂತೂ ಬಹಳ ಜನ ಓದಿದ್ದು ಕಾಣಲಿಲ್ಲ.

ಪರೀಕ್ಷೆಗೆ ಒಂದು ತಿಂಗಳು ಉಳಿದಿತ್ತು. ಒಂದು ಶುಕ್ರವಾರ ಬೈಪಾಸ್ ಹತ್ತಿರ ನಮ್ಮ ಮುಂದಿದ್ದ ಟೆಂಪೋ ಗಕ್ಕನೆ ನಿಂತಿತು. ನಾನು ಮುಂದಿನ ಬ್ರೇಕ್ ಒತ್ತಿದೆ. ಅದು ಹಿಡಿದ ಹಾಗೆ ಮಾಡಿತು, ಹಿಡಿಯಲಿಲ್ಲ. ಹಿಂದಿನ ಬ್ರೇಕ್ ತುಳಿದು, ಎರಡೂ ಕಾಲು ನೆಲಕ್ಕೆ ಉಜ್ಜಿ ಹೇಗೋ ನಿಲ್ಲಿಸಿದಾಗ ಟೆಂಪೋದ ಹಿಂದೆ ಬರೆದ ಅಕ್ಷರಗಳು ಓದಲಿಕ್ಕೆ ಬಾರದಷ್ಟು ಹತ್ತಿರ ಇದ್ದವು. ಮಹಾದೇವಿ ಇಳಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಮಕ್ಕಳಿಗೆ ಹೋಮ್‌ವರ್ಕ್ ಹೇಳುವ ದನಿಯಲ್ಲಿ ಹೇಳಿದಳು:

“ಸೋಮವಾರ ಮುಂಜಾನಿ ನೋಡತೇನ್ರಿ. ಬ್ರೇಕ್ ಸರಿ ಆಗಿದ್ದಿಲ್ಲಂದ್ರ ನಾ ಬಸ್ ಪಾಸ್ ಮಾಡಿಸಿಬಿಡತೇನಿ.”

ನನ್ನ ಹೆಂಡತಿಯನ್ನು ನಾನು ಬಲ್ಲೆ. ಒಮ್ಮೆ ಪಾಸು ಮಾಡಿಸಿದರೆ ಅದರ ಕೊನೆಯ ದಿನದವರೆಗೂ ಬಸ್ಸೇ. ಬಸ್ಸಿನ ಪಕ್ಕ ಬೈಕು ಓಡಿಸುತ್ತ ಕಿಟಕಿಯಿಂದ ಅರ್ಥಶಾಸ್ತ್ರ ಹೇಳಿಸಿಕೊಳ್ಳಲು ಬರುವುದಿಲ್ಲ. ಆ ಅರ್ಧ ತಾಸು ಹೋದರೆ ನನ್ನ ಪಿಯುಸಿಯೂ ಹೋಯಿತು.

ಹ್ಯಾಂಡಲಿನ ಮೇಲೆ ಬ್ರೇಕ್ ಆಯಿಲ್ ಇರುವ ಸಣ್ಣ ಕರಿ ಡಬ್ಬಿ ಇದೆ. ಅದರ ಮಗ್ಗುಲಿನ ಗಾಜಿನಲ್ಲಿ ನೋಡಿದರೆ ಆಯಿಲ್ ತಳ ಕಂಡಿತ್ತು. ಮುಚ್ಚಳಕ್ಕೆ ಎರಡು ಸ್ಟಾರ್ ಸ್ಕ್ರೂ. ಎರಡನ್ನೂ ಬಿಚ್ಚಬೇಕು, ಆಯಿಲ್ ಹಾಕಬೇಕು, ಮತ್ತೆ ತಿರುಗಿಸಬೇಕು, ಮುಗಿಯಿತು. ಮೇಸ್ತ್ರಿ ದಾವಲಸಾಬರ ಗ್ಯಾರೇಜು ನಮ್ಮ ಓಣಿಯ ತುದಿಗೇ ಇದೆ. ಆದರೆ ಹತ್ತನೆಯದು ಪಾಸಾದ ಮೇಲೆ ನನಗೊಂದು ರೋಗ ಅಂಟಿಕೊಂಡಿದೆ: ಓದಿದ್ದನ್ನೆಲ್ಲ ಮಾಡಬಹುದು ಅನ್ನಿಸುವುದು. ಕುಕ್ಕರಿನ ಜೊತೆ ಬಂದ ಪುಸ್ತಕ ಓದಿ ಕುಕ್ಕರು ರಿಪೇರಿ ಮಾಡಿದ್ದೆ. ಅಂದಿನಿಂದ ಅದು ಸೀಟಿ ಹೊಡೆಯುವುದನ್ನು ಬಿಟ್ಟಿದೆ. ಸಾಲದ್ದಕ್ಕೆ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಒಬ್ಬ ಕೈಗವಸು ಹಾಕಿಕೊಂಡು, ಹಿಂದೆ ಸಂಗೀತ ಹಚ್ಚಿಕೊಂಡು, ಎರಡೂ ಸ್ಕ್ರೂಗಳನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದ. ಅವನ ಬೈಕು ಶೋರೂಮಿನಿಂದ ಬಂದು ಒಂದು ತಾಸು ಕೂಡ ಆಗಿರಲಿಕ್ಕಿಲ್ಲ. ಆಗದ ಕೆಲಸವನ್ನು ಮಾಡಿ ತೋರಿಸಿದರೆ ಅದು ಪಾಠ. ಆಗುವ ಕೆಲಸವನ್ನೇ ಮಾಡಿ ತೋರಿಸಿ, ಮೇಲೆ ಮೆಚ್ಚಿಕೊಳ್ಳಿರಿ ಎಂದು ಕೇಳಿಕೊಳ್ಳುವುದಕ್ಕೆ ಏನನ್ನಬೇಕೋ ನನ್ನ ಪಠ್ಯಪುಸ್ತಕದಲ್ಲಿ ಇನ್ನೂ ಬಂದಿಲ್ಲ.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಕೆಲಸ ಶುರು ಮಾಡಿದೆ. ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸಿದೆ, ಜಾರಿತು. ಒತ್ತಿ ತಿರುಗಿಸಿದೆ, ಮತ್ತೆ ಜಾರಿತು. ಚೀಲ ಎತ್ತುವ ಬಲವನ್ನೆಲ್ಲ ಹಾಕಿದೆ. ಸ್ಕ್ರೂ ತಲೆಯ ಮೇಲಿನ ಸ್ಟಾರು ಸವೆದು ಸಣ್ಣ ಬಟ್ಟಲಾಯಿತು. ಅಷ್ಟರಲ್ಲಿ ಎದುರು ಮನೆಯ ಬಸಣ್ಣ ಕಾಕಾ ಕುರ್ಚಿ ತಂದು ನಮ್ಮ ಅಂಗಳದಲ್ಲೇ ಹಾಕಿಕೊಂಡರು. ಕಾಕಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಮ್ಮ ಪೆನ್ನಿನ ಟೊಪ್ಪಿಗೆಯನ್ನು ಕೂಡ ಇನ್ನೊಬ್ಬರಿಂದ ತೆಗೆಸಿಕೊಂಡೇ ಅಷ್ಟು ವರ್ಷ ಕಳೆದಿರಬೇಕು ಎಂದು ನನ್ನ ಊಹೆ. ಮೊದಲು ಸೀಮೆಎಣ್ಣೆ ಬಿಡು ಎಂದರು. ಆಮೇಲೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸು ಎಂದರು. ಬ್ಯಾಂಡು ಹರಿದು ಅವರ ಚಾಳೀಸಿನ ಗಾಜಿಗೇ ಬಡಿಯಿತು. ಅದರಿಂದಲೂ ಧೈರ್ಯ ಕಳೆದುಕೊಳ್ಳದೆ ಮುಂದಕ್ಕೆ ಬಾಗಿ ಕೇಳಿದರು:

“ತಮ್ಮಾ, ಅದು ಎಡಕ್ಕ ಬಿಚ್ಚತೈತೋ ಬಲಕ್ಕ ಬಿಚ್ಚತೈತೋ, ಅದನ್ನರೆ ನೋಡಿಕೊಂಡೀ ಇಲ್ಲೋ?”

ಎಡಕ್ಕೆ ಎಂದು ಲೋಕಕ್ಕೆಲ್ಲ ಗೊತ್ತು. ಆದರೆ ಕಾಕಾ ಕೇಳಿದ ಠೀವಿಗೆ ನನಗೇ ಸಂಶಯ ಬಂತು. ಬಲಕ್ಕೆ ತಿರುಗಿಸಿದೆ. ಕೂದಲೆಳೆಯಷ್ಟು ಸರಿಯಿತು. ಇಬ್ಬರೂ ಸಂತೋಷಪಟ್ಟೆವು. ಅದು ಸರಿದದ್ದು ಒಳಕ್ಕೆ ಎಂದು ನನಗೆ ತಿಳಿಯುವಷ್ಟರಲ್ಲಿ ಕಾಕಾ ಕುರ್ಚಿ ಎತ್ತಿಕೊಂಡು ಊಟಕ್ಕೆ ಹೋಗಿದ್ದರು. ಮಹಾದೇವಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಒಮ್ಮೆ ಬಾಗಿಲಿಗೆ ಬಂದು ನೋಡಿದಳು. ತಿರುಗಿ ಹೋದಳು. ಸ್ವಲ್ಪ ಹೊತ್ತಿಗೆ ಒಳಗೆ ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿತು. ಪಾಸಿಗೆ ಹಚ್ಚಲು ಫೋಟೋ ಹುಡುಕುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬೈಕನ್ನು ನೂಕಿಕೊಂಡು ದಾವಲಸಾಬರ ಗ್ಯಾರೇಜಿಗೆ ಹೋದೆ. ಮನೆಮದ್ದೆಲ್ಲ ಮುಗಿಸಿ ಮೂರನೆಯ ದಿನಕ್ಕೆ ಬಂದ ರೋಗಿಯನ್ನು ಡಾಕ್ಟರು ನೋಡುವ ಹಾಗೆ ಅವರು ನನ್ನನ್ನೂ ಸ್ಕ್ರೂವನ್ನೂ ನೋಡಿದರು. ನಾನು ಮುಟ್ಟದೆ ಬಿಟ್ಟಿದ್ದ ಎರಡನೆಯ ಸ್ಕ್ರೂ ತಲೆಯೊಳಗೆ ಒಂದು ಸೂಜಿ ಹಾಕಿ ಕೆದರಿದರು. ಕೆಂಪು ಹೆಕ್ಕಳಿಕೆ ಬಿತ್ತು. ಇನ್ನಷ್ಟು ಕೆದರಿದರೆ ಹಳದಿ, ಅದರ ಕೆಳಗೆ ಬಿಳಿ. ಅಂಗೈ ಮೇಲೆ ಹಾಕಿಕೊಂಡು ಮೂಸಿ ನೋಡಿದರು.

“ಖಂಡೇ ಪೂಜಿ ಯಾರ ಮಾಡತಾರ್ರಿ ಮನ್ಯಾಗ?”

ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಎಷ್ಟು ವರ್ಷವಾಯಿತು ಎಂದು ಕೇಳಿದರು. ಗಾಡಿ ಬಂದಾಗಿನಿಂದ, ಹನ್ನೊಂದು ವರ್ಷ ಎಂದೆ.

“ಅಣ್ಣಾರ, ಇದು ಬರೇ ತುಕ್ಕ ಅಲ್ಲರಿ. ನಿಮ್ಮ ಭಕ್ತಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ನಮ್ಮ ಓಣಿಯವರು ಗಾಡಿಗೆ ಒಂದು ಚೆಂಡುಹೂವಿನ ಮಾಲೆ ಹಾಕಿ, ಮುಂದಿನ ದೀಪದ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಗಾಲಿ ಕೆಳಗೆ ಲಿಂಬೆಹಣ್ಣು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಅವರನ್ನು ಕಂಡರೆ ನನಗೆ ಹನ್ನೊಂದು ವರ್ಷದಿಂದ ತಾತ್ಸಾರ. ಮಾರುಕಟ್ಟೆಯಲ್ಲಿ ನಾವು ತಕ್ಕಡಿ ಪೂಜೆ ಮಾಡುವಾಗ ಒಂದು ತೂಕದ ಕಲ್ಲನ್ನೂ ಬಿಡುವುದಿಲ್ಲ; ಐವತ್ತು ಗ್ರಾಮಿನದಕ್ಕೂ ಕುಂಕುಮ ಮುಟ್ಟಿಸುತ್ತೇವೆ. ಅದೇ ಪದ್ಧತಿಯನ್ನು ನಾನು ಬೈಕಿಗೂ ತಂದಿದ್ದೆ. ಕಣ್ಣಿಗೆ ಕಂಡ ನಟ್ಟು, ಬೋಲ್ಟು, ಸ್ಕ್ರೂ ಒಂದೊಂದಕ್ಕೂ ಉಂಗುರ ಬೆರಳಿನ ತುದಿಯಿಂದ ನೀರು ಕಲಸಿದ ವಿಭೂತಿ, ಅರಿಷಿಣ, ಕುಂಕುಮ. ಪ್ರಸಾದ ಎಂದು ಅದನ್ನು ತೊಳೆಯುತ್ತಿರಲೂ ಇಲ್ಲ. ಬ್ರೇಕ್ ಡಬ್ಬಿಯ ಸ್ಕ್ರೂಗಳು ಕಣ್ಣೆದುರಿಗೇ ಇರುವುದರಿಂದ ಅವುಗಳ ಪಾಲಿಗೆ ಎರಡು ಹನಿ ಹೆಚ್ಚು. ಗೋಡೆಗೆ ಗಿಲಾಯಿ ಮಾಡುವವರೂ ಇಷ್ಟು ಒತ್ತಿ ಮಾಡುವುದಿಲ್ಲ.

“ನಾ ಏನ ಕುಂಕುಮ ಹಚ್ಚಂಗಿಲ್ಲೇನ್ರಿ?” ಎಂದರು ದಾವಲಸಾಬರು. “ಆ ದಿನಾ ಗ್ಯಾರೇಜಿನ ಬಾಗಲಿಗೆ ಹಚ್ಚತೇನಿ. ಬಾಗಲಾ ಯಾರೂ ಬಿಚ್ಚಂಗಿಲ್ಲ.”

ಆಮೇಲೆ ಕೆಲಸಕ್ಕೆ ಇಳಿದರು. ಎರಡನೆಯ ಸ್ಕ್ರೂ ತಲೆ ಸ್ವಚ್ಛ ಮಾಡಿ, ಡ್ರೈವರ್ ಇಟ್ಟು ಅದರ ಹಿಂದೆ ಸುತ್ತಿಗೆಯಿಂದ ಎರಡು ಸಲ ಬಡಿದು ತಿರುಗಿಸಿದರು. ಟಕ್ ಎಂದು ಬಿಟ್ಟಿತು. ನಾನು ಬಟ್ಟಲು ಮಾಡಿದ್ದ ಮೊದಲನೆಯದು ಉಳಿಯ ಪೆಟ್ಟಿಗೂ ಜಗ್ಗಲಿಲ್ಲ. ಕೊನೆಗೆ ಡ್ರಿಲ್ ಹಚ್ಚಿ ಅದರ ತಲೆಯನ್ನೇ ಹಾರಿಸಿ, ಮುಚ್ಚಳ ಎತ್ತಿ, ಉಳಿದ ಮುಂಡವನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತಂದರು. ಒಳಗಿನ ಆಯಿಲ್ ಬೆಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಚೆಲ್ಲಿ, ಹೊಸದು ಹಾಕಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದು, ಹೊಸ ಸ್ಕ್ರೂ ಎರಡು ಕೂಡಿಸಿದರು. ನಾನು ಒಂದು ಮಧ್ಯಾಹ್ನ ಪೂರ್ತಿ ಹಾಕಿ ಕೆಡಿಸಿದ್ದನ್ನು ಸರಿ ಮಾಡಲು ಅವರಿಗೆ ಅರ್ಧ ತಾಸು ಬೇಕಾಯಿತು. ಅವರು ನನ್ನನ್ನು ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಬೈಯಲಿಲ್ಲ. ಹಳೆಯ ಸ್ಕ್ರೂಗಳನ್ನು ಕಾಗದದಲ್ಲಿ ಸುತ್ತಿ ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು.

ಸೋಮವಾರ ಮುಂಜಾನೆ ಮಹಾದೇವಿ ಬ್ರೇಕ್ ಹಿಡಿಕೆಯನ್ನು ತಾನೇ ಎರಡು ಸಲ ಒತ್ತಿ ನೋಡಿದಳು. ಫೋಟೋ ಇದ್ದ ಲಕೋಟೆ ಚೀಲದಲ್ಲೇ ಇತ್ತು. ಹಿಂದೆ ಕುಳಿತಳು. ಬೈಪಾಸ್ ಹತ್ತಿರ ಬಂದಾಗ, ಇಲ್ಲೇ ಒಮ್ಮೆ ನಿಲ್ಲಿಸ್ರಿ ನೋಡೋಣ ಎಂದಳು. ಒತ್ತಿದೆ. ಬೈಕು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು, ಆಕೆಯ ಹಣೆ ನನ್ನ ಬೆನ್ನಿಗೆ ಬಂದು ಬಡಿಯಿತು. ಲಕೋಟೆಯನ್ನು ತೆಗೆದು ನನ್ನ ಅಂಗಿಯ ಜೇಬಿಗೆ ತುರುಕಿದಳು. ಪಿಯುಸಿ ಉಳಿಯಿತು.

“ಛಲೋ ಆತು,” ಎಂದಳು. “ಹಂಗಾರ ಹೇಳ್ರಿ. ಬೇಡಿಕೆಯ ನಿಯಮ ಅಂದ್ರೇನು?”

ಇಲ್ಲಿ ಒಂದು ಮಾತು ನಾನು ಮುಚ್ಚಿಟ್ಟಿದ್ದೆ. ಬ್ರೇಕ್ ಸಡಿಲಾದದ್ದು ನನಗೆ ಎರಡು ತಿಂಗಳಿಂದ ಗೊತ್ತಿತ್ತು. ಉತ್ತರ ಬಾರದಾಗಲೆಲ್ಲ ‘ತಡಿ, ಬ್ರೇಕ್ ನೆಟ್ಟಗಿಲ್ಲ, ಮುಂದ ಗಾಡಿ ಐತಿ’ ಎಂದು ಹೇಳಿ, ಶಾಲೆಯ ಗೇಟು ಬರುವವರೆಗೆ ದೂಡುತ್ತಿದ್ದೆ. ಈಗಲೂ ಒಂದು ಟೆಂಪೋ, ಒಂದು ಎಮ್ಮೆ, ಕಡೆಗೆ ಅಡ್ಡ ಬರುವ ಒಂದು ನಾಯಿಯಾದರೂ ಸಿಕ್ಕೀತೆಂದು ಆಸೆಯಿಂದ ಮುಂದೆ ನೋಡಿದೆ. ಅಷ್ಟು ಖಾಲಿ ರಸ್ತೆಯನ್ನು ನಾನು ಹುಬ್ಬಳ್ಳಿಯಲ್ಲಿ ಎಂದೂ ನೋಡಿರಲಿಲ್ಲ.