ಆರು ವೋಲ್ಟಿನ ಕಾಕಾ

ನಮ್ಮ ಕಾಕಾನ ಟ್ರ್ಯಾಕ್ಟರ್ ಎಷ್ಟು ಲೀಟರ್ ಎಣ್ಣಿಗೆ ಓಡತಿತ್ತು ಅಂತ ಕೇಳಬ್ಯಾಡ್ರಿ. ಎಷ್ಟು ಮಂದಿಗೆ ಓಡತಿತ್ತು ಅಂತ ಕೇಳ್ರಿ! ಅರ್ಧಾ ಓಣಿ ಕೂಡಿ ನೂಕಿದರ ಒಮ್ಮೆ ಚಾಲೂ ಆಗತಿತ್ತು.

ಸುಳ್ಳ ಅನ್ನೋ ಊರಾಗ ಇರೋ ಈ ಕಾಕಾಗ ಆ ಗಾಡಿ ಅವರಪ್ಪನಿಂದ ಬಂದದ್ದು. ಅದರ ಬ್ಯಾಟರಿ ಬರೇ ಆರು ವೋಲ್ಟಿಂದು. ಸ್ಟಾರ್ಟರ್ ಒತ್ತಿದರ, ಉಂಡು ಅಡ್ಡಾದ ಬೀಗರನ್ನ ಎಬ್ಬಿಸಿದಂಗ "ಹೂಂ... ಹೂಂ..." ಅಂದು ಮತ್ತ ಮಲಗತಿತ್ತು. ಅದರ ಲೈಟ್ ಹತ್ತ್ಯಾವೋ ಇಲ್ಲೋ ನೋಡಾಕ ಇನ್ನೊಂದು ಲೈಟ್ ಹಿಡೀಬೇಕು!

ಕಡೀಕ ಕಾಕಾ ಸೀಟಿನ ಮ್ಯಾಲ ದಂಡನಾಯಕನಂಗ ಕುಂತು, "ನೂಕ್ರಿ! ರೊಟ್ಟಿ ತಿಂದಿಲ್ಲೇನು?" ಅಂತ ಒದರಾಂವ. ಆ ದನಿ ಕೇಳಿದ್ದ ತಡಾ, ಓಣ್ಯಾಗಿನ ಬಾಗಿಲಾ ಒಂದೊಂದಾಗಿ ಮುಚ್ಚತಿದ್ದುವು. ತಪ್ಪಿಸಿಕೊಳ್ಳಾಕ ಆಗದಾಕಿ ಅಂದ್ರ ಕಾಕಾನ ಹೇಣ್ತಿ, ನಮ್ಮ ಕಾಕು. ಸೆರಗು ಸೊಂಟಕ್ಕ ಸಿಗಿಸಿ ಹಿಂದ ಮೊದಲು ನಿಲ್ಲಾಕಿ ಆಕೀನ.

ಒಮ್ಮೆ ನಾ ಇರೋ ಬೆಂಗೇರಿಯಿಂದ ಅವರ ಮನಿಗೆ ಹೋದಾಗ ನಾನೂ ನೂಕಿ ಬೆವತು ಅಂದೆ, "ಕಾಕಾ, ಇದನ್ನ ಹನ್ನೆರಡು ವೋಲ್ಟಿಗೆ ಬದಲಿ ಮಾಡಿಸಿಬಿಡು."

"ಶಾಣ್ಯಾ ಇದ್ದೀ ನೋಡು! ಆರು ರೊಟ್ಟಿ ತಿನ್ನಾಂವಗ ಹನ್ನೆರಡು ತಿನಸಿದ್ರ ಹೊಟ್ಟಿ ಒಡಿಯೂದಿಲ್ಲೇನು?"

ಇಂಥಾ ಮನಷ್ಯಾಗ ಯಾರು ಬುದ್ಧಿ ಹೇಳಾವ್ರು?

ಒಂದಿನ ಮಳಿಯಾಗಿ ನೆಲ ಜಾರಾಕತ್ತಿತ್ತು. ನೂಕೂಮುಂದ ಕಾಕು ಕಾಲು ಜಾರಿ ಬಿದ್ದಳು. ಮುಂಗೈ ಉಬ್ಬಿ ಕುಂಬಳಕಾಯಿ ಆತು. "ಏನೂ ಆಗಿಲ್ರಿ" ಅಂದು ಎದ್ದಳು. ಕಾಕಾ ಸೀಟಿನಿಂದ ಇಳದು, ಗಾಡಿ ಅಲ್ಲೇ ಬಿಟ್ಟು, ಆಕೀನ್ನ ಒಳಗ ಕರಕೊಂಡು ಹೋದ. ಅಂವ ತಾನಾಗಿ ಸೀಟು ಬಿಟ್ಟು ಇಳದ ಅಂದ್ರ ಊರಿಗೇ ಗಾಬರಿ!

ಮರುದಿನ ಮುಂಜಾನೆ ನನಗ ಕಾಕಾನ ಫೋನು: "ತಾರಿಹಾಳಕ್ಕ ಬಾ, ಮಿಸ್ತ್ರಿ ಕಡೆ."

ಹೋಗಿ ನೋಡಿದರ, ಮಗ್ಗಲಮನಿಯವರ ಹೊಸಾ ಟ್ರ್ಯಾಕ್ಟರ್ ಇವನ ಗಾಡಿಯನ್ನ ಹಗ್ಗ ಕಟ್ಟಿ ಎಳಕೊಂಡು ಬರಾಕತ್ತಿತ್ತು. ಇಂವ ಸ್ಟೇರಿಂಗ್ ಹಿಡಕೊಂಡು, ಮುಂದಿನ ಆ ಹೊಸಾ ಗಾಡಿಯನ್ನ ತಾನ ಬೆನ್ನಟ್ಟಿ ಬಂದಾಂವನಂಗ, ಹಾದಿ ಮಂದಿಗೆಲ್ಲಾ ಕೈ ಮುಗಿಯಾಕತ್ತಿದ್ದ!

ಮಿಸ್ತ್ರಿ ಬ್ಯಾಟರಿ ಚಾರ್ಜ್ ಮಾಡೋ ಹಳೇ ಡೈನಮೋ ತಗದು ಹನ್ನೆರಡು ವೋಲ್ಟಿನ ಆಲ್ಟರ್ನೇಟರ್ ಕುಂದ್ರಿಸಿದ; ಬ್ಯಾಟರಿ, ವೈರು, ಬಲ್ಬು ಎಲ್ಲಾ ಬದಲಾದುವು. ಹಾರ್ನಿಗೆ ಕೈ ಹಾಕಿದಾಗ ಕಾಕಾ ತಡದ.

"ಅದು ನಮ್ಮಪ್ಪನ ಹಾರ್ನ್. ಇರ್ಲಿ."

"ಯಜಮಾನ್ರ, ಆರರದ್ದು ಹನ್ನೆರಡಕ್ಕ ತಡಿಯೂದಿಲ್ರಿ."

"ನಮ್ಮಪ್ಪ ಎಲ್ಲಾದಕ್ಕೂ ತಡದಾನ. ಒತ್ತು!"

ಒತ್ತಿದ. ಅಯ್ಯಯ್ಯ, ಏನ್ ಕೂಗು ಅದು! ಚಹಾದಂಗಡಿಯಾಗ ಒಬ್ಬರ ಕೈಯಾಗಿನ ಕಪ್ಪು ಬಿತ್ತು, ಮಲಗಿದ್ದ ನಾಯಿ ಗೋಡಿ ಹಾರಿತು. ಆಮ್ಯಾಲ 'ಪುಸ್ಸ್' ಅಂತ ಹೊಗಿ. ಹಾರ್ನ್ ತೀರಿಕೊಂಡಿತು. ಕಾಕಾ ಟೊಪಗಿ ತಗದು ನಿಂತ.

"ಹೋಗೂಮುಂದ ಛಲೋ ಕೂಗಿ ಹೋತು ಬಿಡು," ಅಂದ.

ಗಾಡಿ ತನ್ನ ಕಾಲ ಮ್ಯಾಲ ತಾನ ಸುಳ್ಳಕ್ಕ ಬಂತು. ಮನಿ ಮುಂದ ನಿಲ್ಲಿಸಿ ಬಂದ್ ಮಾಡಿದ ಕಾಕಾ ಕೆಳಗ ಇಳದು, ಒಳಗ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಕಾಕೂನ್ನ ಕರದ.

"ಹತ್ತು."

"ನಾನಾ? ಎಲ್ಲಿಗ್ರಿ?"

"ಸೀಟಿನ ಮ್ಯಾಲ. ನೀನ ಚಾಲೂ ಮಾಡಬೇಕು."

ಓಣಿಯ ಬಾಗಿಲಾ ಎಲ್ಲಾ ತೆರದುವು. ಕಾಕು ನಾಚಿಕೋತ, ಬ್ಯಾನಿ ಇಲ್ಲದ ಕೈಯಿಂದ ಆಸರ ಹಿಡದು ಹತ್ತಿ ಕುಂತಳು. ಬಟನ್ ಮ್ಯಾಲ ಬೆರಳಿಟ್ಟು ಗಂಡನ್ನ ಹುಡುಕಿದಳು. ಮುಂದಿಲ್ಲ, ಮಗ್ಗಲಕ್ಕಿಲ್ಲ. ತಿರುಗಿ ನೋಡಿದರ, ಗಾಡಿಗೆ ಎರಡೂ ಕೈ ಕೊಟ್ಟು ಹಿಂದ ನಿಂತಾನ!

"ಅಲ್ಲೇನ್ ಮಾಡಾಕತ್ತೀರಿ?"

"ಅಕಸ್ಮಾತ್ ಚಾಲೂ ಆಗಲಿಲ್ಲಂದ್ರ..." ಕಾಕಾ ತಲಿ ಎತ್ತಲಿಲ್ಲ. "ಈ ಸಲ ನಾ ನೂಕತೇನಿ."

ಕಾಕು ಬಟನ್ ಒತ್ತಿದಳು. ಗಾಡಿ ಒಂದ ಉಸರಿಗೆ ಚಾಲೂ ಆತು. ಕಾಕಾ ಮಾತ್ರ ಕೈ ತಗೀಲಿಲ್ಲ.